ದಂತಗಳ ನಡುವೆ ಒಂದು ಗಳಿಗೆ

ನ್ಯೂಯಾರ್ಕಿನ ನಿಸರ್ಗೇತಿಹಾಸ ವಸ್ತುಸಂಗ್ರಹಾಲಯದ ವಿಶಾಲವಾದ ಅಂಗಣವೊಂದರ ನಡುವೆ ಎಂಟು ಆಫ್ರಿಕದ ಆನೆಗಳು ನಿಂತಿವೆ. ಅವುಗಳಲ್ಲಿ ಜೀವವಿಲ್ಲವೆಂದು ಬಲ್ಲೆ. ಆದರೂ ಮೊದಲ ಸಲ ಎದುರು ಬಂದಾಗ ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಏನನ್ನೋ ಕಂಡು ಬೆಚ್ಚಿದ ಹಿಂಡಿನ ನಿಲುವು ಅದು. ಅವುಗಳನ್ನು ಹಾಗೆ ನಿಲ್ಲಿಸಿದ ಕಾರ್ಲ್ ಏಕ್ಲಿ ಎಂಬಾತ ಒಮ್ಮೆ ಸಲಗವೊಂದರ ಎರಡು ದಂತಗಳ ನಡುವೆ ಸಿಕ್ಕಿ ಬದುಕಿ ಬಂದವನೆಂದು ತಿಳಿದ ಮೇಲೆ, ಆ ನಿಲುವು ನನಗೆ ಬೇರೆಯದೇ ಅರ್ಥವನ್ನು ಹೇಳತೊಡಗಿತು.

ಮೇಲೇರಿ ಬರುವ ಆನೆಯ ಸ್ವಭಾವವನ್ನು ಮೊದಲು ಸ್ವಲ್ಪ ತಿಳಿಯಬೇಕು. ಕಿವಿಗಳನ್ನು ಮೊರದಂತೆ ಅಗಲಿಸಿ, ತಲೆಯೆತ್ತಿ, ಘೀಳಿಟ್ಟು ಬರುವ ಆನೆ ಬಹುಮಟ್ಟಿಗೆ ಹೆದರಿಸಲು ಬರುತ್ತದೆ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಬಿಡುವುದೂ ಉಂಟು. ಕಿವಿಗಳನ್ನು ಹಿಂದಕ್ಕೊತ್ತಿ, ಸೊಂಡಿಲನ್ನು ಒಳಕ್ಕೆ ಸುತ್ತಿಕೊಂಡು ನುಗ್ಗುವ ಆನೆಯ ಮಾತು ಬೇರೆ. ಗಂಟೆಗೆ ೨೫ ಕಿಲೋಮೀಟರ್ ವೇಗವೆಂದರೂ ೨೦ ಮೀಟರ್ ದೂರಕ್ಕೆ ಮೂರು ಸೆಕೆಂಡು ಸಾಕು. ಮಿದುಳಾದರೋ ಹಣೆಯ ಹಿಂದೆ ಬಹಳ ಒಳಗೆ, ಜೇನುಹುಟ್ಟಿನಂತೆ ಗೂಡುಗೂಡಾದ ಎಲುಬಿನ ಆಚೆಗೆ ಅಡಗಿರುತ್ತದೆ. ಸಿಂಹಳದಲ್ಲಿ ಹಣೆಗೆ ಗುಂಡಿಟ್ಟು ಆನೆಗಳನ್ನು ಕೆಡವಿ ಪಳಗಿದ್ದ ಸ್ಯಾಮ್ಯುಯೆಲ್ ಬೇಕರ್, ೧೮೬೧ರಲ್ಲಿ ಆಫ್ರಿಕಕ್ಕೆ ಬಂದ ಮೇಲೆ, ಆ ವಿದ್ಯೆ ಅಲ್ಲಿಯ ಆನೆಯ ಮುಂದೆ ನಡೆಯದೆಂದು ಕಂಡುಕೊಂಡ. ೧೯೦೯ರಲ್ಲಿ ಕೀನ್ಯಾ ಪರ್ವತದ ಇಳಿಜಾರಿನಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಒಂದು ಸಲಗವನ್ನು ಕೆಡವಿ ಕೋವಿ ಬರಿದಾದ ಕ್ಷಣದಲ್ಲೇ ಇನ್ನೊಂದು ಪೊದೆ ಸೀಳಿ ಬಂತು. ಆತ ಮರದ ಮರೆಗೆ ಸರಿದ. ಜೊತೆಗಾರನ ಗುಂಡು ಅದನ್ನು ತಿರುಗಿಸಿತು.

ಏಕ್ಲಿಗೆ ಆ ಭಾಗ್ಯವಿರಲಿಲ್ಲ. ಮರುವರ್ಷ ಅದೇ ಪರ್ವತದ ಬಿದಿರುಕಾಡಿನಲ್ಲಿ ಆತ ಆನೆಯ ಜಾಡು ಹಿಡಿದು ಹೊರಟಿದ್ದ. ಕೋವಿಯನ್ನು ಹೊಟ್ಟೆಗೆ ಒರಗಿಸಿಕೊಂಡು, ಚಳಿಗೆ ಮರಗಟ್ಟಿದ ಕೈಗಳನ್ನು ಉಜ್ಜಿಕೊಳ್ಳುತ್ತಿದ್ದಾಗ, ಬೆನ್ನ ಹಿಂದೆ ಆನೆಯಿದೆಯೆಂದು ಒಮ್ಮೆಲೆ ಅರಿವಾಯಿತು. ತಿರುಗಿ ಕೋವಿಯ ತಡೆಗೀಲನ್ನು ಸರಿಸಲು ನೋಡಿದ, ಅದು ಸರಿಯಲಿಲ್ಲ. ದಂತದ ತುದಿ ಎದೆಯ ಬಳಿಗೆ ಬಂದಾಗಿತ್ತು. ಇಂಥ ಗಳಿಗೆ ಒದಗಿದರೆ ಮಾಡಬೇಕಾದುದನ್ನು ಆತ ಮನಸ್ಸಿನಲ್ಲೇ ಎಷ್ಟೋ ಸಲ ಅಭ್ಯಾಸ ಮಾಡಿದ್ದನಂತೆ. ಎರಡು ಕೈಗಳಿಂದ ಎರಡು ದಂತಗಳನ್ನು ಹಿಡಿದು, ನಡುವೆ ತೂರಿ ನೆಲಕ್ಕೆ ಬಿದ್ದ. ಅವನ ಇಕ್ಕೆಲದಲ್ಲಿ ದಂತಗಳು ಮಣ್ಣಿಗಿಳಿದವು. ಸುತ್ತಿದ ಸೊಂಡಿಲು ಎದೆಯನ್ನು ಅದುಮಿತು. ಮಣ್ಣಿನೊಳಗೆ ದಂತಗಳು ಕಲ್ಲಿಗೋ ಬೇರಿಗೋ ತಾಗಿ ನಿಂತಿರಬೇಕು. ಇಲ್ಲದಿದ್ದರೆ ಅವನು ಉಳಿಯುತ್ತಿರಲಿಲ್ಲ. ಆನೆ ಅವನನ್ನು ಬಿಟ್ಟು ಆಳುಗಳ ಕಡೆಗೆ ನುಗ್ಗಿತು. ಪಕ್ಕೆಲುಬು ಮುರಿದು, ಮುಖ ಹರಿದು ಬಿದ್ದವನನ್ನು ಸತ್ತನೆಂದೇ ತಿಳಿದು ಜೊತೆಯವರು ಮಳೆಯಲ್ಲಿ ಬಿಟ್ಟಿದ್ದರು. ಸಂಜೆ ಎಚ್ಚರವಾದಾಗ ಅವನಿಗೆ ಕಂಡದ್ದು ಅವರು ಹಾಕಿದ್ದ ಬೆಂಕಿ. ಸುದ್ದಿ ತಿಳಿದ ಪತ್ನಿ ಡೀಲಿಯಾ ರಾತ್ರಿಯ ಕಾಡನ್ನು ಹಾದು ಬಂದು ಅವನನ್ನು ಸೇರಿದಳು.

ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲೇ ಈ ಅಂಗಣದ ಕಲ್ಪನೆ ಏಕ್ಲಿಯ ಮನಸ್ಸಿನಲ್ಲಿ ಮೂಡಿತು. ಬಲ ಬಂದ ಮೇಲೆ, ಧೈರ್ಯ ಉಳಿದಿದೆಯೇ ಎಂದು ಪರೀಕ್ಷಿಸಿಕೊಳ್ಳಲು ಮತ್ತೆ ಆನೆಯ ಜಾಡಿಗೆ ಹೋದದ್ದೂ ನಿಜ. ಎರಡನ್ನೂ ಹೇಳದಿದ್ದರೆ ಅವನ ಚಿತ್ರ ಪೂರ್ತಿಯಾಗದು. ೧೯೨೧ರಲ್ಲಿ ಕಾಂಗೋದಲ್ಲಿ ಪ್ರದರ್ಶನಕ್ಕಾಗಿ ಗೊರಿಲ್ಲಾಗಳನ್ನು ಕೊಂದವನೇ, ಅವುಗಳಿಗೆ ಅಭಯ ಬೇಕೆಂದು ಬೆಲ್ಜಿಯಮ್ಮಿನ ದೊರೆಯನ್ನು ಒಪ್ಪಿಸಲು ಶ್ರಮಿಸಿದ. ೧೯೨೫ರಲ್ಲಿ ಅಲ್ಲಿ ರಕ್ಷಿತವನವಾಯಿತು. ಮರುವರ್ಷ ಅದೇ ಸೀಮೆಯ ಮಿಕೆನೊ ಬೆಟ್ಟದಲ್ಲಿ ಆತ ತೀರಿಕೊಂಡ. ಅಂಗಣ ತೆರೆದದ್ದು ೧೯೩೬ರಲ್ಲಿ. ಕೀನ್ಯಾ ದೇಶ ಬೇಟೆಯನ್ನು ನಿಷೇಧಿಸಿದ್ದು ೧೯೭೭ರಲ್ಲಿ.

ಬೇಟೆಯ ಪುಸ್ತಕಗಳಲ್ಲಿ ನಾವು ಓದುವುದು ಮನುಷ್ಯನ ಭಯವನ್ನು. ಜಾಡು ಹಿಡಿದು ಹೊರಟವನು ಮನುಷ್ಯನೇ ಎಂಬುದನ್ನು ಮೊದಲ ಪುಟ ಹೇಳಿದರೂ, ಆನೆ ಮೇಲೇರಿ ಬರುವ ಪುಟಕ್ಕೆ ಬರುವಷ್ಟರಲ್ಲಿ ನಾವು ಅದನ್ನು ಮರೆತಿರುತ್ತೇವೆ. ಈ ಅಂಗಣದಲ್ಲಿ ಹಾಗೆ ಮರೆಯಲು ಸಾಧ್ಯವಿಲ್ಲ. ಆನೆಗಳು ಬೆಚ್ಚಿ ನಿಂತದ್ದು ಯಾರನ್ನು ಕಂಡು ಎಂದು ಸುತ್ತಲೂ ನೋಡಿದೆ. ಕೋವಿ ಹಿಡಿದವನು ನಿಲ್ಲಬೇಕಾಗಿದ್ದ ಜಾಗದಲ್ಲಿ ನಾನು ನಿಂತಿದ್ದೆ.