ಬಡವರ ಬುದ್ಧಿಗೂ ಹಕ್ಕುಂಟು

ನೆರೆಯ ಅಣ್ಣಿಗೇರಿಯ ಶ್ರೀ ಅಬ್ದುಲ್ ಖಾದರ್ ನಡಕಟ್ಟಿನರು ಒಕ್ಕಲುತನದ ಉಪಕರಣಗಳನ್ನು ರಚಿಸಿ 2022ರಲ್ಲಿ ಪದ್ಮಶ್ರೀ ಪಡೆದರು. ಗುತ್ತಲದ ಕಮ್ಮಾರಸಾಲೆಯಲ್ಲಿಯೂ ನಾಳೆ ಹೊಸ ಕೂರಿಗೆಯೊಂದು ಹುಟ್ಟೀತು. ಅದನ್ನು ಸಂತೆಯಲ್ಲಿ ತೋರುವ ಮೊದಲೇ ಪೇಟೆಂಟಿಗೆ ಅರ್ಜಿ ಕೊಡತಕ್ಕದ್ದು. ತೋರಿದ ಮೇಲೆ ಸಾಮಾನ್ಯವಾಗಿ ಹೊಸತನವಳಿದು ಹಕ್ಕು ಕೈತಪ್ಪುವುದೆಂದು ಪಾಲಕರಲ್ಲಿ ಅರಿಕೆ ಮಾಡುತ್ತೇವೆ. ದೊರೆತ ಹಕ್ಕು ಅರ್ಜಿಯ ದಿನದಿಂದ 20 ವರ್ಷ ಬಾಳುವುದು.

ವೆಚ್ಚಕ್ಕೆ ಅಂಜಿ ಸುಮ್ಮನಿರಬಾರದು. 2000ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನವು ತಾನು ಆಯ್ದ ಗ್ರಾಮೀಣ ಶೋಧಕರ ಪರವಾಗಿ ಅರ್ಜಿಯ ವೆಚ್ಚವನ್ನು ವಹಿಸುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಬಡವರು ಆದಾಯಮಿತಿಗೆ ಒಳಪಟ್ಟು, ಸ್ತ್ರೀಯರು ಆದಾಯವೆಷ್ಟಿದ್ದರೂ, ಉಚಿತ ಕಾನೂನು ಸಲಹೆಗೆ ಅರ್ಹರು. ಹಾವೇರಿಯ ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. 2019ರಿಂದ ಸ್ತ್ರೀ ಅರ್ಜಿದಾರರು ಶೀಘ್ರ ಪರೀಕ್ಷೆಯನ್ನೂ ಕೋರಬಹುದು. ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ನೆರೆಹೊರೆಗೆ ತಿಳಿಸುವರೆಂದು ನಂಬುತ್ತೇವೆ.