ಗುಣವಾಗದ ಕಾಯಿಲೆಗೂ ಆರೈಕೆ ಉಂಟು



“ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂಬ ಮಾತು ಕೇಳಿ ಬೆಂಗಳೂರಿನಿಂದ ಹಿಂತಿರುಗಿದ ಕುಟುಂಬಗಳು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳ್ಳಿಗಳಲ್ಲಿ ಅಪರೂಪವಲ್ಲ. ಆಮೇಲೆ ಕೆಲವರು ತೋಟದ ಮೇಲೆ ಸಾಲ ತೆಗೆದು ಮತ್ತೊಂದು ಆಸ್ಪತ್ರೆಗೆ ಅಲೆಯುತ್ತಾರೆ. ಕೆಲವರು ಹಣೆಬರಹವೆಂದು ಕೈಚೆಲ್ಲಿ, ರೋಗಿಯ ನರಳಾಟ ಕೇಳುತ್ತ ಕೂರುತ್ತಾರೆ. ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿದೆ. ಅದೇ ಉಪಶಾಮಕ ಆರೈಕೆ. ಇದನ್ನು ಸದಸ್ಯರೆಲ್ಲರೂ ತಿಳಿದಿರುವುದು ಅಗತ್ಯವೆಂದು ಭಾವಿಸಿದ್ದೇವೆ.

ರೋಗ ವಾಸಿಯಾಗದಿದ್ದರೂ ನೋವು, ಉಬ್ಬಸ, ವಾಂತಿ, ಹುಣ್ಣುಗಳ ಬಾಧೆಯನ್ನು ತಗ್ಗಿಸಿ, ರೋಗಿಗೂ ಮನೆಯವರಿಗೂ ಧೈರ್ಯ ತುಂಬುವುದೇ ಈ ಆರೈಕೆಯ ಉದ್ದೇಶ. ಡಾ. ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಇದಕ್ಕೆ ಮಾದರಿಯಾಯಿತು. ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಆಶ್ರಮ ಆರಂಭವಾಯಿತು. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ಕೆಲಸ, ಮುಂದೆ ಊರವರೇ ಸ್ವಯಂಸೇವಕರಾಗಿ ರೋಗಿಗಳ ಮನೆಬಾಗಿಲಿಗೆ ಹೋಗುವ ಪದ್ಧತಿಯಾಗಿ ಬೆಳೆಯಿತು.

ಕ್ಯಾನ್ಸರಿನ ತೀವ್ರ ನೋವಿಗೆ ಮುಖ್ಯ ಔಷಧಿ ಮಾರ್ಫಿನ್ ಗುಳಿಗೆ. 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಇದು ಸಿಗುವುದೇ ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಹಾದಿಯನ್ನು ಸುಗಮಗೊಳಿಸಿತು. “ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ, ಬೇಗ ಸಾಯುತ್ತಾರೆ” ಎಂಬ ಭಯ ಹಲವರಲ್ಲಿದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗೆಂದು ಕೊಟ್ಟಾಗ ಈ ಭಯಕ್ಕೆ ಆಧಾರವಿಲ್ಲ. ಮಳೆ ಹಿಡಿಯುವ ಮುನ್ನವೇ ನಾವು ಬೋರ್ಡೋ ದ್ರಾವಣ ಸಿಂಪಡಿಸುವುದಿಲ್ಲವೇ? ಹಾಗೆಯೇ ನೋವು ಮರುಕಳಿಸುವ ಮುನ್ನ, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡಬೇಕು. ಮಲಬದ್ಧತೆ ಆಗುವುದರಿಂದ ಅದಕ್ಕೂ ಔಷಧಿ ಕೇಳಿ ಪಡೆಯಬೇಕು.

ಮನೆಯವರು ಮಾಡಬೇಕಾದದ್ದೂ ಇದೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನುಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದು. ಬಾಯಿ ಒಣಗದಂತೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಊಟಕ್ಕೆ ಬಲವಂತ ಬೇಡ. ಎರಡು ತುತ್ತು ರಾಗಿ ಅಂಬಲಿ ಸೇರಿದರೂ ಸಾಕು. ಎಲ್ಲಕ್ಕಿಂತ ಮಿಗಿಲಾಗಿ ರೋಗಿಯೊಡನೆ ಮಾತನಾಡಬೇಕು. ಕಾಯಿಲೆಯ ವಿಷಯ ಮುಚ್ಚಿಟ್ಟರೆ, ಜಮೀನಿನ ಪಾಲು, ಮಗಳ ಮದುವೆ, ಮನಸ್ಸಿನ ಆಸೆ ಯಾವುದನ್ನೂ ಅವರು ಹೇಳಲಾಗದೆ ಹೋಗುತ್ತಾರೆ.

ಬೆಂಗಳೂರಿನ ಮಾರತ್ತಹಳ್ಳಿಯ ಬಳಿಯಿರುವ ಕರುಣಾಶ್ರಯವು ಗುಣವಾಗುವ ಹಂತ ಮೀರಿದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆರೈಕೆ ನೀಡುತ್ತದೆ. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1994ರಲ್ಲಿ ಸ್ಥಾಪನೆಯಾಗಿ, 1999ರಲ್ಲಿ ಅಲ್ಲಿ ಒಳರೋಗಿ ವಿಭಾಗ ತೆರೆಯಿತು. ಕಿದ್ವಾಯಿ ಆಸ್ಪತ್ರೆಯಲ್ಲಿಯೂ ನೋವು ನಿವಾರಣೆಯ ವಿಭಾಗವಿದೆ. ಹೋಗುವಾಗ ಹಿಂದಿನ ಚಿಕಿತ್ಸೆಯ ಕಾಗದಪತ್ರಗಳನ್ನೆಲ್ಲ ಒಯ್ಯುವುದನ್ನು ಮರೆಯಬಾರದು. ಕೊನೆಯ ದಿನಗಳವರೆಗೆ ಕಾಯಬೇಕಾಗಿಯೂ ಇಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೇ ಈ ಆರೈಕೆ ಆರಂಭಿಸಬಹುದು.

ಆದಕಾರಣ, ತೋಟ ಅಡವಿಡುವ ಮುನ್ನ ಸದಸ್ಯರು ವೈದ್ಯರನ್ನು ಎರಡು ಪ್ರಶ್ನೆ ಕೇಳಬೇಕೆಂದು ಕೋರುತ್ತೇವೆ: ಈ ಚಿಕಿತ್ಸೆಯಿಂದ ರೋಗಿಗೆ ಏನು ಲಾಭ? ನೋವಿಗೆ ಏನು ಮಾಡುತ್ತೀರಿ? ಉತ್ತರ ಕೇಳಿಕೊಂಡು ಮುಂದಿನ ತೀರ್ಮಾನ ಮಾಡಿ. ಸಾಲ ಮಾಡಿದ ಮೇಲೆ ಕೇಳಿ ಫಲವಿಲ್ಲ.