ಬಂದೂಕಿಗೆ ಬಂದ ಚಾಳೀಸು

‘ತ್ರೀ ನಾಟ್ ತ್ರೀ’ ಎಂಬ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಠಾಣೆಯ ಬಾಗಿಲಿನ ಕಾವಲಿನಲ್ಲಿ, ಖಜಾನೆಯ ಪಹರೆಯಲ್ಲಿ, ಹಬ್ಬದ ದಿನದ ಕವಾಯತಿನಲ್ಲಿ ಎಷ್ಟೋ ದಶಕಗಳ ಕಾಲ ನಾವು ಕಾಣುತ್ತಿದ್ದ ಆ ಮರದ ಮೈಯ ರೈಫಲ್ಲಿನ ನಿಜನಾಮಧೇಯ ಲೀ-ಎನ್‌ಫೀಲ್ಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿಯೂ ತಯಾರಾಗಿ, ಎರಡು ಮಹಾಯುದ್ಧಗಳನ್ನು ಕಂಡ ಆಯುಧವದು. ಸೈನ್ಯದಿಂದ ನಿವೃತ್ತವಾದ ಮೇಲೆ ತನ್ನ ತಾಯ್ನಾಡಿನಲ್ಲಿ ಅದು ಇನ್ನೊಂದು ಬಾಳನ್ನು ಬಾಳುತ್ತಿದೆ. ಅಲ್ಲಿನ ಹವ್ಯಾಸಿಗಳು ಅದಕ್ಕೆ ಹೊಸದೊಂದು ಕಣ್ಣನ್ನು ಜೋಡಿಸಿ, ಸಾವಿರ ಗಜ ದೂರದ ಕಾಗದದ ಗುರಿಗೆ ಗುಂಡು ಹೊಡೆಯುತ್ತಾರೆ.

ಹೊಸ ಕಣ್ಣು ಏತಕ್ಕೆ? ಇದನ್ನು ತಿಳಿಯಲು ಒಮ್ಮೆಯಾದರೂ ಬಂದೂಕಿನ ಹಿಂದೆ ಮಲಗಿ ನೋಡಬೇಕು. ಕಾಲೇಜಿನ ಎನ್.ಸಿ.ಸಿ. ದಿನಗಳಲ್ಲಿ ನನ್ನ ಕೈಗೆ ಬಂದುದು ೨೨ ಬೋರಿನ ಪುಟ್ಟ ರೈಫಲ್ಲು. ಕಣ್ಣಿನ ಹತ್ತಿರ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊನೆ, ಅದರಾಚೆ ಗುರಿಯ ಕಪ್ಪು ಬೊಟ್ಟು. ಮೂರನ್ನೂ ಒಂದೇ ಗೆರೆಗೆ ತರಬೇಕೆಂದು ಹವಾಲ್ದಾರರು ಅಪ್ಪಣೆಯಿತ್ತರು. ಕಚ್ಚನ್ನು ನೋಡಿದರೆ ಬೊಟ್ಟು ಮಂಜಾಯಿತು. ಬೊಟ್ಟನ್ನು ನೋಡಿದರೆ ಮೊನೆಯೇ ಮಾಯವಾಯಿತು. ದೋಷ ಬಂದೂಕಿನದೆಂದು ನಾನು ಬಹುಕಾಲ ನಂಬಿದ್ದೆ. ದೋಷ ಬಂದೂಕಿನದಲ್ಲ, ನಮ್ಮ ಕಣ್ಣಿನ ಸ್ವಭಾವದ್ದು. ಮೂರು ಬೇರೆ ಬೇರೆ ದೂರದ ವಸ್ತುಗಳನ್ನು ಏಕಕಾಲಕ್ಕೆ ಸ್ಪಷ್ಟವಾಗಿ ಕಾಣುವ ಶಕ್ತಿಯನ್ನು ಸೃಷ್ಟಿಯು ನಮಗೆ ಕೊಟ್ಟಿಲ್ಲ. ನಲವತ್ತು ದಾಟಿ ಚಾಳೀಸು ಬಂದಿತೆಂದರೆ ಹತ್ತಿರದ ಕಚ್ಚು ಇನ್ನಷ್ಟು ಕಲಸಿಹೋಗುತ್ತದೆ.

ಇದಕ್ಕೆ ಪರಿಹಾರ ಬಲು ಸರಳ: ಕಚ್ಚಿನ ಬದಲು ಒಂದು ಸಣ್ಣ ರಂಧ್ರ. ಸೂಜಿಯಿಂದ ಚುಚ್ಚಿದ ಕಾಗದದ ತೂತಿನ ಮೂಲಕ, ಕನ್ನಡಕ ತೆಗೆದಿಟ್ಟು ಪತ್ರಿಕೆಯ ಅಕ್ಷರಗಳನ್ನು ನೋಡಿರಿ. ಬೆಳಕು ಕೊಂಚ ಕಡಿಮೆಯಾದರೂ ಅಕ್ಷರ ನಿಚ್ಚಳವಾಗುತ್ತದೆ. ರಂಧ್ರದ ಸೈಟಿನ ಗುಟ್ಟೂ ಇಷ್ಟೆ. ಅಲ್ಲದೆ, ರಂಧ್ರದ ನಡುಮಧ್ಯಕ್ಕೆ ಮೊನೆಯನ್ನು ತಂದು ನಿಲ್ಲಿಸುವ ಕೆಲಸವನ್ನು ಕಣ್ಣು ಯಾರೂ ಹೇಳದೆಯೇ ಮಾಡುತ್ತದೆ. ರಂಧ್ರವನ್ನೇ ದಿಟ್ಟಿಸುವ ಅಗತ್ಯವಿಲ್ಲ.

ಸೇನೆಯವರಿಗೆ ಇದು ತಿಳಿಯದ ವಿಷಯವೇನೂ ಆಗಿರಲಿಲ್ಲ. ಮೊದಲನೆಯ ಮಹಾಯುದ್ಧದ ಲೀ-ಎನ್‌ಫೀಲ್ಡಿನಲ್ಲಿ ಹಿಂದಿನ ಸೈಟು ನಳಿಗೆಯ ಮೇಲೆ, ಕಣ್ಣಿಗೆ ದೂರದಲ್ಲಿತ್ತು. ಎರಡನೆಯ ಯುದ್ಧದ ‘ನಂಬರ್ ೪’ ಮಾದರಿಯಲ್ಲಿ ಅದನ್ನು ಕಣ್ಣಿನ ಸಮೀಪಕ್ಕೆ ತಂದು, ರಂಧ್ರದ ಸೈಟನ್ನೇ ಇಟ್ಟರು. ಹಿಂದುಮುಂದಿನ ಸೈಟುಗಳ ನಡುವಣ ಅಂತರ ಸುಮಾರು ೧೯ ಅಂಗುಲದಿಂದ ೨೮ ಅಂಗುಲಕ್ಕೆ ಏರಿತು. ಈ ಅಂತರ ಹೆಚ್ಚಿದಷ್ಟೂ ಕಣ್ಣಿನ ತಪ್ಪು ಗುರಿಯಲ್ಲಿ ಕಡಿಮೆಯಾಗುತ್ತದೆ. ೨೦ ಅಂಗುಲದ ಅಂತರದಲ್ಲಿ ಮೊನೆಯು ಅಂಗುಲದ ನೂರನೆಯ ಒಂದು ಭಾಗ ಸರಿದರೆ, ಸಾವಿರ ಗಜದಲ್ಲಿ ಗುಂಡು ೧೮ ಅಂಗುಲ ಆಚೆಗೆ ಹೋಗುತ್ತದೆಂಬುದು ಬರಿಯ ತ್ರೈರಾಶಿಯ ಲೆಕ್ಕ.

ಆದರೆ ಸಿಪಾಯಿಯ ಸೈಟು ಸಿಪಾಯಿಗಾಗಿ ಆದದ್ದು. ಕೆಸರಿನಲ್ಲಿ ಬಿದ್ದರೂ ಕೆಡಬಾರದು, ಗಾಬರಿಯಲ್ಲಿದ್ದವನಿಗೂ ತಿಳಿಯಬೇಕು. ನಂಬರ್ ೪ರ ಹಿಂದಿನ ಸೈಟನ್ನು ದೂರಕ್ಕೆ ತಕ್ಕಂತೆ ಮೇಲೆ ಕೆಳಗೆ ಮಾಡಬಹುದು. ಎಡಕ್ಕೆ ಬಲಕ್ಕೆ ಸರಿಸಲು ಬರುವುದಿಲ್ಲ. ಪಕ್ಕದ ತಪ್ಪನ್ನು ತಿದ್ದಬೇಕಾದರೆ ಆಯುಧಗಳ ಮಿಸ್ತ್ರಿಯು ಮುಂದಿನ ಮೊನೆಯನ್ನು ಅದರ ಗಾಡಿಯಲ್ಲಿ ಸರಿಸಬೇಕಾಗಿತ್ತು. ಸಾವಿರ ಗಜ ಹೋಗುವಷ್ಟರಲ್ಲಿ ಗುಂಡನ್ನು ಅನೇಕ ಅಡಿ ಪಕ್ಕಕ್ಕೆ ಒಯ್ಯುವ ಗಾಳಿಗೆ ಇದರಿಂದೇನು ಉಪಕಾರ? ಗಾಳಿ ಗಳಿಗೆಗೊಂದು ಬಗೆ.

ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಮುಂತಾದ ಸಂಸ್ಥೆಗಳು ಗುರಿಕಾರರಿಗೆಂದೇ ತಯಾರಿಸಿದ ಸೈಟುಗಳು ಈ ಕೊರತೆಯನ್ನು ನೀಗಿದವು. ಅವುಗಳಲ್ಲಿ ಏರಿಳಿತಕ್ಕೊಂದು, ಎಡಬಲಕ್ಕೊಂದು ತಿರುಪು. ತಿರುಗಿಸಿದಾಗ ‘ಕ್ಲಿಕ್’ ಎಂಬ ಸದ್ದು. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲಿಗೆ ಮಿನಿಟು ಎಂದು ಹೆಸರು. ನೂರು ಗಜದಲ್ಲಿ ಅದು ಹೆಚ್ಚುಕಡಿಮೆ ಒಂದು ಅಂಗುಲ, ಸಾವಿರ ಗಜದಲ್ಲಿ ಹತ್ತು ಅಂಗುಲಕ್ಕಿಂತ ತುಸು ಮಿಗಿಲು. ಒಂದು ಕ್ಲಿಕ್ಕಿಗೆ ಕಾಲು ಮಿನಿಟಿನಂತೆ ಸರಿಯುವ ಸೈಟಿದ್ದರೆ, ಸಾವಿರ ಗಜದಾಚೆಯ ಗುಂಡನ್ನು ಎರಡೂವರೆ ಅಂಗುಲದಷ್ಟು ಇತ್ತ ಸರಿಸೆಂದು ಅಪ್ಪಣೆ ಮಾಡಿದಂತೆ. ಕಣ್ಣಿಡುವ ಬಿಲ್ಲೆಯಲ್ಲಿ ಬೇರೆ ಬೇರೆ ಗಾತ್ರದ ಆರು ರಂಧ್ರಗಳಿರುವುದುಂಟು. ಮೋಡ ಕವಿದರೆ ದೊಡ್ಡದು, ಬಿಸಿಲು ಬಂದರೆ ಚಿಕ್ಕದು.

ಜೋಡಿಸುವ ಕೆಲಸ ಅವಸರದವರದಲ್ಲ. ಮೊದಲು ಬಂದೂಕು ಬರಿದಾಗಿದೆಯೆಂಬುದನ್ನು ಎರಡು ಸಲ ನೋಡಬೇಕು. ಹಳೆಯ ಸೈಟನ್ನು ಹಿಡಿದಿರುವ ಅಡ್ಡಮೊಳೆಯನ್ನು ಮೆಲ್ಲನೆ ತಟ್ಟಿ ಹೊರತೆಗೆದರೆ ಸೈಟು ಬಿಡಿಯಾಗುತ್ತದೆ. ಕೆಳಗಿನ ಪುಟ್ಟ ಸ್ಪ್ರಿಂಗು ಹಾರಿಹೋಗದಂತೆ ಬೆರಳು ಅಡ್ಡವಿರಲಿ. ಹೊಸ ಸೈಟಿನ ಚೌಕಟ್ಟನ್ನು ಕೂರಿಸುವಾಗ ಅದರ ಕಂಬವು ನೆಟ್ಟಗೆ ನಿಂತಿದೆಯೇ ಎಂಬುದೇ ಮುಖ್ಯ ಪರೀಕ್ಷೆ. ದೂರದ ಗುರಿಗಾಗಿ ಸೈಟನ್ನು ೪೦ ಮಿನಿಟು ಏರಿಸಿದೆವೆನ್ನಿ. ಕಂಬವು ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ ಸಾವಿರ ಗಜದಲ್ಲಿ ಗುಂಡು ಏಳು ಅಂಗುಲ ಪಕ್ಕಕ್ಕೆ ಬೀಳುತ್ತದೆ. ಬಿಗಿದ ತಿರುಪು ಕಾಲಕ್ರಮದಲ್ಲಿ ಸಡಿಲವಾಗುವುದೂ ಉಂಟು. ಇನ್ನು ಹಳೆಯ ಸೈಟಿನ ಮರೆಯಲ್ಲಿ ಸವೆದಿರಬಹುದು. ಆದ್ದರಿಂದ ಅನುಭವಸ್ಥರು ಬೇಕಾದ ಅಂಕೆಯನ್ನು ದಾಟಿ ಕೆಳಗಿಳಿದು, ಪ್ರತಿಸಲವೂ ಒಂದೇ ದಿಕ್ಕಿನಿಂದ ಅಲ್ಲಿಗೆ ಬರುತ್ತಾರೆ. ವೀಣೆಯ ಬಿರಡೆ ತಿರುಗಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಸೂಕ್ಷ್ಮ ಅಗತ್ಯವೇ ಎಂದು ಕೇಳುವವರು ಬಿಸ್ಲೆಗೆ ಹೋಗಿ ಬರಬೇಕು. ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿರುವ ಈ ಊರು ೧೮೯೦ರಿಂದ ಅಲ್ಲಿನ ರಾಷ್ಟ್ರೀಯ ರೈಫಲ್ ಸಂಘದ ನೆಲೆ. ಅದಕ್ಕೂ ಮೊದಲು ಸ್ಪರ್ಧೆಗಳು ವಿಂಬಲ್ಡನ್ನಿನಲ್ಲಿ ನಡೆಯುತ್ತಿದ್ದವು; ೧೮೬೦ರಲ್ಲಿ ಮೊದಲ ಗುಂಡನ್ನು ಹಾರಿಸಿದವಳು ಸ್ವತಃ ವಿಕ್ಟೋರಿಯಾ ರಾಣಿ. ರೈಫಲ್ಲನ್ನು ಮುಂಚೆಯೇ ಗುರಿಗಿಟ್ಟು ಭದ್ರಪಡಿಸಿದ್ದರು. ರಾಣಿ ದಾರವನ್ನು ಎಳೆದಳು, ಅಷ್ಟೆ. ಎಪ್ಪತ್ತು ವರ್ಷಗಳ ಅನಂತರ, ೧೯೩೦ರಲ್ಲಿ, ಮಾರ್ಜರಿ ಫಾಸ್ಟರ್ ಎಂಬ ಮಹಿಳೆ ಯಾರ ನೆರವೂ ಇಲ್ಲದೆ ಅದೇ ಸಂಘದ ‘ರಾಜರ ಬಹುಮಾನ’ವನ್ನು ಗೆದ್ದಳು. ಆ ಬಹುಮಾನ ಪಡೆದ ಸ್ತ್ರೀಯರಲ್ಲಿ ಅವಳೇ ಮೊದಲಿಗಳು. ಗೆದ್ದ ಅಂತರ ಒಂದೇ ಒಂದು ಅಂಕ! ಒಂದು ಅಂಕದ ಬೆಲೆ ಬಲ್ಲವರಿಗೆ ಒಂದು ಕ್ಲಿಕ್ಕಿನ ಬೆಲೆಯೂ ತಿಳಿದೀತು.

ನಮ್ಮ ದೇಶದಲ್ಲಿ ೩೦೩ ಬೋರು ನಿಷಿದ್ಧ ವರ್ಗಕ್ಕೆ ಸೇರಿದ್ದು. ಗೃಹಸ್ಥರಿಗೆ ಅದು ಸಾಧಾರಣವಾಗಿ ದಕ್ಕುವಂಥದಲ್ಲ. ಇಷಾಪುರದ ಕಾರ್ಖಾನೆ ಅದೇ ಯಂತ್ರರಚನೆಯಲ್ಲಿ ೩೧೫ ಬೋರಿನ ರೈಫಲ್ಲನ್ನು ನಾಗರಿಕರಿಗಾಗಿ ತಯಾರಿಸಿದುದು ಇದೇ ಕಾರಣದಿಂದ.

ಒಂದು ಮಾತನ್ನು ಹೇಳದೆ ಬಿಡಲಾರೆ. ನಂಬರ್ ೪ಕ್ಕೆ ಪಾರ್ಕರ್-ಹೇಲ್ ಸೈಟನ್ನು ಜೋಡಿಸಲು ಉಕ್ಕಿನಲ್ಲಿ ಹೊಸ ತೂತು ಕೊರೆಯಬೇಕಾಗಿಲ್ಲ. ಇರುವ ನೆಲೆಗಳೇ ಸಾಕು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನ ಕತೆ ಹಾಗಲ್ಲ. ಲೈಮನ್ ೪೮ ಎಂಬ ಹೆಸರಾಂತ ಸೈಟನ್ನು ಅದಕ್ಕೆ ಕೂರಿಸಬೇಕಾದರೆ ಉಕ್ಕಿಗೆ ತೂತು ಕೊರೆದು ಮರೆ ಹಾಕಬೇಕು, ಮರವನ್ನೂ ಕೆತ್ತಬೇಕು. ಆ ರೈಫಲ್ಲುಗಳು ಅಗ್ಗವಾಗಿ ಸಿಗುತ್ತಿದ್ದ ಕಾಲದಲ್ಲಿ ಅದನ್ನು ತಪ್ಪೆನ್ನುವವರು ಇರಲಿಲ್ಲ. ಎಷ್ಟೋ ಬಂದೂಕುಗಳು ಹಾಗೆ ಮೂಲರೂಪ ಕಳೆದುಕೊಂಡವು. ಅಂಕ ಹೆಚ್ಚಬೇಕೆಂಬ ಆಸೆ ನನಗೂ ಅರ್ಥವಾಗುತ್ತದೆ. ಆದರೂ ಯಾವನೋ ಅನಾಮಧೇಯ ಸಿಪಾಯಿ ಕಂದಕದಲ್ಲಿ ತಬ್ಬಿ ಮಲಗಿದ್ದ ಆಯುಧಕ್ಕೆ ಡ್ರಿಲ್ ಹಿಡಿಯುವುದೆಂದರೆ ಹಳೆಯ ತಾಳೆಗರಿಯ ಅಂಚನ್ನು ಕಪಾಟಿನ ಅಳತೆಗೆ ಕತ್ತರಿಸಿದಂತೆ ನನಗೆ ತೋರುತ್ತದೆ. ಕನ್ನಡಕವನ್ನು ಬೇಕಾದಾಗ ತೆಗೆದಿಡಬಹುದು. ಕೊರೆದ ತೂತನ್ನು ಮುಚ್ಚಿದರೂ ಗುರುತು ಉಳಿಯುತ್ತದೆ.

ಬಲ್ಲ ಗುರಿಕಾರರು ಕಳಚಿದ ಹಳೆಯ ಸೈಟನ್ನೂ ಅಡ್ಡಮೊಳೆಯನ್ನೂ ಸ್ಪ್ರಿಂಗನ್ನೂ ಎಣ್ಣೆಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಮೇಲೆ ಬಂದೂಕಿನ ನಂಬರನ್ನು ಬರೆದಿಡುತ್ತಾರೆ. ಬಂದೂಕು ಮುಂದೆ ಯಾರ ಕೈಸೇರಿದರೂ ಡಬ್ಬಿಯೂ ಅದರ ಜೊತೆಗೇ ಹೋಗುತ್ತದೆ.